ಕೆಡುತ್ತಿರುವ ಗಣಕಯಂತ್ರದಿಂದ ಡಿಜಿಟಲ್ ಛಾಯಾಚಿತ್ರಗಳನ್ನು ಸುರಕ್ಷಿತವಾಗಿ ತೆಗೆದಿರಿಸಿಕೊಳ್ಳುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನಾಗರಿಕರು ವಿವಿಧ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳೊಂದಿಗೆ ಛಾಯಾಚಿತ್ರಗಳನ್ನು ಹಾಗೂ ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಲಗತ್ತಿಸುವುದು ಈಗ ಸಾಮಾನ್ಯವಾಗಿದೆ. ವಿವಾಹ ನೋಂದಣಿಗೆ ಮದುವೆಯ ಛಾಯಾಚಿತ್ರ, ಮಳೆಯಿಂದ ಮನೆ ಅಥವಾ ಬೆಳೆ ಹಾನಿಗೊಂಡಾಗ ಸ್ಥಳದ ಛಾಯಾಚಿತ್ರ, ವಿಮೆ ಕೋರಿಕೆಗೆ ವಾಹನದ ಛಾಯಾಚಿತ್ರ ಇವು ಇದಕ್ಕೆ ಉದಾಹರಣೆಗಳು. ಇಂತಹ ಚಿತ್ರಗಳು ಬಹುತೇಕ ಕುಟುಂಬಗಳಲ್ಲಿ ಮನೆಯ ಒಂದೇ ಗಣಕಯಂತ್ರದಲ್ಲಿ, ಒಂದೇ ಪ್ರತಿಯಾಗಿ ಉಳಿದಿರುತ್ತವೆ.

ಕಳೆದುಹೋದ ದಾಖಲೆಗೆ ಸಂಬಂಧಪಟ್ಟ ಕಚೇರಿಯಿಂದ ದೃಢೀಕೃತ ನಕಲು ದೊರೆಯುತ್ತದೆ. ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ, ನೋಂದಾಯಿತ ಪತ್ರದ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ, ಜನನ ಮತ್ತು ಮರಣ ಪ್ರಮಾಣಪತ್ರಗಳನ್ನು ನೋಂದಣಾಧಿಕಾರಿಗಳಿಂದ ಮತ್ತೆ ಪಡೆಯಬಹುದು. ಆದರೆ ತೀರಿಕೊಂಡ ಹಿರಿಯರ ಭಾವಚಿತ್ರಕ್ಕಾಗಲಿ, ಮಗುವಿನ ಮೊದಲ ವರ್ಷದ ಚಿತ್ರಗಳಿಗಾಗಲಿ, ಕುಸಿದ ಗೋಡೆಯನ್ನು ಅದೇ ದಿನ ತೆಗೆದ ಚಿತ್ರಕ್ಕಾಗಲಿ ಯಾವ ಕಚೇರಿಯೂ ನಕಲು ನೀಡಲಾರದು. ಆದ್ದರಿಂದ ಗಣಕಯಂತ್ರವು ಕೆಡುವ ಸೂಚನೆ ತೋರಿದ ಕೂಡಲೇ ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

2. ತಕ್ಷಣ ಗಮನಿಸಬೇಕಾದ ಅಂಶಗಳು

(ಅ) ಗಣಕಯಂತ್ರದಿಂದ "ಟಕ್ ಟಕ್" ಎಂಬ ಪುನರಾವರ್ತಿತ ಸದ್ದು ಅಥವಾ ಲೋಹ ಉಜ್ಜಿದಂತಹ ಸದ್ದು ಕೇಳಿಬಂದಲ್ಲಿ ಕೂಡಲೇ ವಿದ್ಯುತ್ ಸಂಪರ್ಕ ಕಡಿತಗೊಳಿಸತಕ್ಕದ್ದು. ಮತ್ತೆ ಮತ್ತೆ ಚಾಲನೆ ಮಾಡಿ ನೋಡಬಾರದು.

(ಆ) ಯಾವುದೇ ಅಸಹಜ ಸದ್ದಿಲ್ಲದೆ ಕೇವಲ ನಿಧಾನಗತಿ ಕಂಡುಬಂದು, ಚಿತ್ರಗಳು ಇನ್ನೂ ತೆರೆಯುತ್ತಿದ್ದಲ್ಲಿ, ಗಣಕಯಂತ್ರವನ್ನು ನಿಲ್ಲಿಸದೆ ಮೊದಲು ಚಿತ್ರಗಳ ಪ್ರತಿ ತೆಗೆಯತಕ್ಕದ್ದು. ಒಮ್ಮೆ ನಿಲ್ಲಿಸಿದ ಯಂತ್ರವು ಮತ್ತೆ ಪ್ರಾರಂಭವಾಗುವುದೆಂಬ ಭರವಸೆ ಇರುವುದಿಲ್ಲ.

(ಇ) ರಿಪೇರಿ, ವಿಂಡೋಸ್ ಮರುಸ್ಥಾಪನೆ, ವೈರಸ್ ತಪಾಸಣೆ ಮುಂತಾದ ಎಲ್ಲ ಕೆಲಸಗಳನ್ನು ಪ್ರತಿ ತೆಗೆದ ನಂತರವೇ ಕೈಗೊಳ್ಳತಕ್ಕದ್ದು.

(ಈ) ಹೊಸ ಕಡತಗಳನ್ನಾಗಲಿ ತಂತ್ರಾಂಶಗಳನ್ನಾಗಲಿ ಅದೇ ಡಿಸ್ಕ್‌ನಲ್ಲಿ ಉಳಿಸಬಾರದು.

3. ಕೆಡುತ್ತಿರುವ ಲಕ್ಷಣಗಳು

ಗಣಕಯಂತ್ರ ಕೆಟ್ಟಿದೆ ಎಂದ ಮಾತ್ರಕ್ಕೆ ಚಿತ್ರಗಳು ನಾಶವಾಗಿವೆ ಎಂದು ತಿಳಿಯಬೇಕಿಲ್ಲ. ಚಿತ್ರಗಳು ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನದಲ್ಲಿ ಮಾತ್ರ. ದೋಷ ಎಲ್ಲಿದೆ ಎಂಬುದನ್ನು ಲಕ್ಷಣಗಳಿಂದ ಈ ಕೆಳಕಂಡಂತೆ ಅಂದಾಜು ಮಾಡಬಹುದು.

ಡಿಸ್ಕ್ ಸುಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚಿರುವ ಸಂದರ್ಭಗಳು:
- ಗುಂಡಿ ಒತ್ತಿದರೂ ಯಂತ್ರಕ್ಕೆ ವಿದ್ಯುತ್ ಬಾರದಿರುವುದು. ಸಿಡಿಲು ಅಥವಾ ವಿದ್ಯುತ್ ಏರಿಳಿತದ ನಂತರ ಹೀಗಾದಲ್ಲಿ ಅನೇಕ ವೇಳೆ ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್ ಮಾತ್ರ ಕೆಟ್ಟಿರುತ್ತದೆ.
- ಪರದೆ ಕಪ್ಪಾಗಿದ್ದು ಫ್ಯಾನ್ ತಿರುಗುತ್ತಿರುವುದು.
- ಲ್ಯಾಪ್‌ಟಾಪ್‌ನ ಪರದೆ ಒಡೆದಿರುವುದು ಅಥವಾ ಕೀಲಿಮಣೆ ಕೆಲಸ ಮಾಡದಿರುವುದು.

ಡಿಸ್ಕ್ ಕೆಡುತ್ತಿರುವ ಸಾಧ್ಯತೆ ಹೆಚ್ಚಿರುವ ಸಂದರ್ಭಗಳು:
- ಒಂದು ಫೋಲ್ಡರ್ ತೆರೆಯಲು ಹಲವು ನಿಮಿಷ ಹಿಡಿಯುವುದು.
- ಕೆಲವು ಚಿತ್ರಗಳು ಅರ್ಧ ಮಾತ್ರ ಕಾಣಿಸಿ ಉಳಿದ ಭಾಗ ಬೂದು ಬಣ್ಣಕ್ಕೆ ತಿರುಗಿರುವುದು.
- ಪ್ರತಿ ಮಾಡುವಾಗ ಓದಲಾಗುತ್ತಿಲ್ಲ ಎಂಬ ಸಂದೇಶ ಬರುವುದು.
- ಯಂತ್ರ ಪ್ರಾರಂಭವಾಗುವಾಗ "ಸ್ಮಾರ್ಟ್" ಎಚ್ಚರಿಕೆ ಕಾಣಿಸಿಕೊಳ್ಳುವುದು. ಇದು ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಅಳೆದು ನೀಡುವ ವರದಿಯಾಗಿರುತ್ತದೆ. ಕೆಟ್ಟ ಭಾಗಗಳನ್ನು ಬದಲಿಸಿದ ಸಂಖ್ಯೆಯೂ ಓದಲಾಗದೆ ಬಾಕಿ ಉಳಿದ ಭಾಗಗಳ ಸಂಖ್ಯೆಯೂ ಏರುತ್ತಾ ಹೋದಲ್ಲಿ ವಿಳಂಬ ಮಾಡಬಾರದು.

4. ದೋಷದ ಕಾರಣ

ಹಾರ್ಡ್ ಡಿಸ್ಕ್‌ನೊಳಗೆ ಕಾಂತೀಯ ಲೇಪನವುಳ್ಳ ನುಣುಪಾದ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಓದುವ ಹಾಗೂ ಬರೆಯುವ ಹೆಡ್ ಎಂಬ ಸೂಕ್ಷ್ಮ ಭಾಗವು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆಯಾದ ಅಂತರದಲ್ಲಿ ಅದರ ಮೇಲೆ ತೇಲುತ್ತದೆ. ಬಿದ್ದ ಪೆಟ್ಟು, ಹಠಾತ್ ವಿದ್ಯುತ್ ಕಡಿತ, ಅತಿಯಾದ ಬಿಸಿ ಅಥವಾ ದೀರ್ಘ ಬಳಕೆಯಿಂದ ಹೆಡ್ ದುರ್ಬಲಗೊಂಡು ತಟ್ಟೆಗೆ ತಾಗಿದಲ್ಲಿ ಲೇಪನವೇ ಕಿತ್ತುಬರುತ್ತದೆ. ಚಿತ್ರಗಳು ಇರುವುದು ಆ ಲೇಪನದಲ್ಲಿಯೇ. ಸದ್ದು ಮಾಡುವ ಡಿಸ್ಕನ್ನು ಚಾಲನೆಯಲ್ಲಿಡಬಾರದೆಂಬ ಸೂಚನೆಗೆ ಇದೇ ಕಾರಣ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿರುವುದಿಲ್ಲ. ಆದುದರಿಂದ ಅದು ಯಾವ ಸದ್ದೂ ಮಾಡದೆ, ಅನೇಕ ವೇಳೆ ಮುನ್ಸೂಚನೆಯನ್ನೂ ನೀಡದೆ ನಿಂತುಹೋಗುತ್ತದೆ. ಎಸ್‌ಎಸ್‌ಡಿ ಇರುವ ಗಣಕಯಂತ್ರದ ಬಳಕೆದಾರರು ಲಕ್ಷಣಗಳಿಗಾಗಿ ಕಾಯದೆ ಮೊದಲೇ ಪ್ರತಿ ತೆಗೆದಿರಿಸುವುದು ಸೂಕ್ತ.

5. ಯಾವುದನ್ನು ಮೊದಲು ತೆಗೆಯಬೇಕು

ಕೆಡುತ್ತಿರುವ ಡಿಸ್ಕ್ ಎಷ್ಟು ಹೊತ್ತು ಕೆಲಸ ಮಾಡುವುದೆಂದು ಹೇಳಲಾಗದು. ಆದ್ದರಿಂದ ಇಡೀ ಡಿಸ್ಕನ್ನು ಒಮ್ಮೆಲೇ ಪ್ರತಿ ಮಾಡಲು ತೊಡಗದೆ ಈ ಕೆಳಗಿನ ಆದ್ಯತೆಯನ್ನು ಅನುಸರಿಸಬಹುದು.

ಮೊದಲನೆಯದಾಗಿ: ಬೇರೆಲ್ಲಿಯೂ ಇಲ್ಲದ ಕುಟುಂಬದ ಛಾಯಾಚಿತ್ರಗಳು, ಬಾಕಿ ಇರುವ ಅರ್ಜಿ, ಪರಿಹಾರ ಕೋರಿಕೆ ಅಥವಾ ನ್ಯಾಯಾಲಯದ ಪ್ರಕರಣಕ್ಕೆ ಸಂಬಂಧಿಸಿದ ಚಿತ್ರಗಳು.

ಎರಡನೆಯದಾಗಿ: ಸ್ಕ್ಯಾನ್ ಮಾಡಿದ ಹಳೆಯ ಪತ್ರಗಳು, ಕೈಬರಹದ ಕಾಗದಗಳು, ಮೂಲ ಪ್ರತಿ ಕಳೆದಿರುವ ದಾಖಲೆಗಳು.

ಮೂರನೆಯದಾಗಿ: ವಿಡಿಯೊ ಚಿತ್ರಗಳು. ಇವು ಗಾತ್ರದಲ್ಲಿ ದೊಡ್ಡವಾದ್ದರಿಂದ ಮೊದಲು ತೆಗೆದುಕೊಂಡಲ್ಲಿ ಛಾಯಾಚಿತ್ರಗಳಿಗೆ ಸಮಯ ಉಳಿಯದಿರಬಹುದು.

ಕೊನೆಯದಾಗಿ: ಕಚೇರಿಗಳಿಂದ ಮತ್ತೆ ಪಡೆಯಬಹುದಾದ ಪ್ರಮಾಣಪತ್ರಗಳ ಪ್ರತಿಗಳು. ಚಲನಚಿತ್ರ, ಹಾಡು ಮತ್ತು ತಂತ್ರಾಂಶಗಳನ್ನು ಕೈಬಿಡಬಹುದು.

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರಗಳಲ್ಲಿ ಚಿತ್ರಗಳು ಸಾಮಾನ್ಯವಾಗಿ "ಮೈ ಡಾಕ್ಯುಮೆಂಟ್ಸ್" ಒಳಗಿನ "ಮೈ ಪಿಕ್ಚರ್ಸ್" ಫೋಲ್ಡರ್‌ನಲ್ಲಿಯೂ, ನಂತರದ ವಿಂಡೋಸ್‌ಗಳಲ್ಲಿ "ಯೂಸರ್ಸ್" ಫೋಲ್ಡರ್‌ನಲ್ಲಿ ಬಳಕೆದಾರರ ಹೆಸರಿನಡಿ "ಪಿಕ್ಚರ್ಸ್" ಎಂಬುದರಲ್ಲಿಯೂ ಇರುತ್ತವೆ. ಇದಲ್ಲದೆ "ಡೆಸ್ಕ್‌ಟಾಪ್", "ಡೌನ್‌ಲೋಡ್ಸ್" ಮತ್ತು ಡಿ, ಇ ಮುಂತಾದ ಇತರ ವಿಭಾಗಗಳನ್ನು ತಪ್ಪದೆ ನೋಡತಕ್ಕದ್ದು. ಮನೆಯ ಇತರ ಸದಸ್ಯರು ಬೇರೆ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದಲ್ಲಿ ಅವರ ಫೋಲ್ಡರ್‌ಗಳೂ ಪ್ರತ್ಯೇಕವಾಗಿರುತ್ತವೆ.

6. ಅಗತ್ಯ ಸಾಮಗ್ರಿಗಳು

ಒಂದು ಚಿತ್ರಕ್ಕೆ ಸರಾಸರಿ 4 ಎಂಬಿ ಎಂದು ಲೆಕ್ಕ ಹಿಡಿದಲ್ಲಿ 5,000 ಚಿತ್ರಗಳಿಗೆ ಸುಮಾರು 20 ಜಿಬಿ ಸ್ಥಳ ಬೇಕಾಗುತ್ತದೆ. ಒಂದು ಸಿಡಿಯಲ್ಲಿ 700 ಎಂಬಿ, ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಮಾತ್ರ ಹಿಡಿಸುವುದರಿಂದ ತುರ್ತು ಸಂದರ್ಭದಲ್ಲಿ ಯುಎಸ್‌ಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಥವಾ ಸಾಕಷ್ಟು ಸಾಮರ್ಥ್ಯದ ಪೆನ್ ಡ್ರೈವ್ ಬಳಸುವುದು ಸೂಕ್ತ.

ಅಂತರಜಾಲದ ಮೂಲಕ ಕಳುಹಿಸುವ ವಿಧಾನವು ತುರ್ತು ಸಂದರ್ಭಕ್ಕೆ ತಕ್ಕುದಲ್ಲ. ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 20 ಜಿಬಿ ಕಳುಹಿಸಲು ಸುಮಾರು 44 ಗಂಟೆ ಬೇಕು. ಅದೇ ಪ್ರಮಾಣವು ಸುಸ್ಥಿತಿಯ ಡಿಸ್ಕ್‌ನಿಂದ ಹಳೆಯ ಯುಎಸ್‌ಬಿ 2.0 ಮೂಲಕ, ಸೆಕೆಂಡಿಗೆ 30 ಎಂಬಿ ವೇಗದಲ್ಲಿ, ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತದೆ. ಕೆಟ್ಟ ಡಿಸ್ಕ್‌ನಿಂದ ಇದಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಸಹಜ.

ಎಫ್‌ಎಟಿ32 ಮಾದರಿಯಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತ ಹಿಡಿಸುವುದಿಲ್ಲ. ಉದ್ದದ ವಿಡಿಯೊ ಇದ್ದಲ್ಲಿ ಇದನ್ನು ಗಮನಿಸತಕ್ಕದ್ದು. ಮಳೆಗಾಲದಲ್ಲಿ ಹಾಗೂ ವಿದ್ಯುತ್ ಪದೇ ಪದೇ ಹೋಗುವ ಸ್ಥಳಗಳಲ್ಲಿ ಯುಪಿಎಸ್ ಇಲ್ಲದೆ ಪ್ರತಿ ತೆಗೆಯಲು ತೊಡಗಬಾರದು.

7. ಪ್ರತಿ ತೆಗೆಯುವ ವಿಧಾನ

7.1 ವಿಂಡೋಸ್ ಪ್ರಾರಂಭವಾಗುತ್ತಿದ್ದಲ್ಲಿ

(1) ತೆರೆದಿರುವ ಇತರ ಎಲ್ಲ ತಂತ್ರಾಂಶಗಳನ್ನು ಮುಚ್ಚುವುದು.
(2) ಎಕ್ಸ್‌ಟರ್ನಲ್ ಡಿಸ್ಕನ್ನು ಜೋಡಿಸಿ, ಅದರಲ್ಲಿ ದಿನಾಂಕ ನಮೂದಿಸಿದ ಹೊಸ ಫೋಲ್ಡರ್ ರಚಿಸುವುದು.
(3) "ಕಾಪಿ" ಆಯ್ಕೆಯನ್ನೇ ಬಳಸುವುದು. "ಕಟ್" ಅಥವಾ "ಮೂವ್" ಬಳಸಬಾರದು. ಮಧ್ಯದಲ್ಲಿ ಯಂತ್ರ ನಿಂತಲ್ಲಿ ಕಡತಗಳು ಎರಡೂ ಕಡೆ ಅಪೂರ್ಣವಾಗುವ ಅಪಾಯವಿದೆ.
(4) ಒಮ್ಮೆಗೆ ಒಂದೊಂದೇ ಫೋಲ್ಡರ್ ಪ್ರತಿ ಮಾಡುವುದು. ಒಂದು ಕಡತದಲ್ಲಿ ಓದುವಿಕೆ ನಿಂತಲ್ಲಿ ಅದನ್ನು ಬಿಟ್ಟು ಮುಂದುವರಿದು, ಹೆಸರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು.
(5) ಚಿತ್ರಗಳನ್ನು ತೆರೆದು ನೋಡುತ್ತಾ ಆರಿಸುವ ಕೆಲಸವನ್ನು ಈ ಹಂತದಲ್ಲಿ ಮಾಡಬಾರದು. ನೋಡುವುದೂ ಡಿಸ್ಕ್‌ಗೆ ಹೊರೆಯೇ ಆಗಿರುತ್ತದೆ.

ಅನುಭವವುಳ್ಳವರು ವಿಂಡೋಸ್ ವಿಸ್ತಾದಿಂದೀಚೆಗೆ ಲಭ್ಯವಿರುವ "ರೋಬೊಕಾಪಿ" ಆದೇಶವನ್ನು ಬಳಸಬಹುದು. ಆದರೆ ಓದಲಾಗದ ಕಡತವನ್ನು ಅದು ತಾನಾಗಿ 10 ಲಕ್ಷ ಬಾರಿ, ಪ್ರತಿ ಬಾರಿ 30 ಸೆಕೆಂಡು ಕಾದು, ಮರುಪ್ರಯತ್ನಿಸುವಂತೆ ನಿಗದಿಯಾಗಿದೆ. ಈ ಸಂಖ್ಯೆಯನ್ನು 1ಕ್ಕೆ ಇಳಿಸಿಯೇ ಬಳಸತಕ್ಕದ್ದು.

7.2 ವಿಂಡೋಸ್ ಪ್ರಾರಂಭವಾಗದೆ, ಯಂತ್ರಕ್ಕೆ ವಿದ್ಯುತ್ ಬರುತ್ತಿದ್ದಲ್ಲಿ

ಮತ್ತೊಂದು ಗಣಕಯಂತ್ರದಲ್ಲಿ ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಯನ್ನು ಉಚಿತವಾಗಿ ಇಳಿಸಿಕೊಂಡು, ಅದರಿಂದ ಚಾಲನೆಗೊಳ್ಳುವ ಪೆನ್ ಡ್ರೈವ್ ಸಿದ್ಧಪಡಿಸಬಹುದು. ದೋಷವಿರುವ ಯಂತ್ರವನ್ನು ಈ ಪೆನ್ ಡ್ರೈವ್‌ನಿಂದ ಚಾಲನೆ ಮಾಡಿ, "ಸ್ಥಾಪಿಸದೆ ಪ್ರಯತ್ನಿಸಿ" ಎಂಬ ಅರ್ಥದ ಆಯ್ಕೆಯನ್ನು ಒತ್ತಬೇಕು. "ಇನ್‌ಸ್ಟಾಲ್" ಆಯ್ಕೆಯನ್ನು ಒತ್ತಿದಲ್ಲಿ ಹಳೆಯ ಕಡತಗಳು ಅಳಿಸಿಹೋಗುವ ಸಂಭವವಿರುವುದರಿಂದ ಎಚ್ಚರ ವಹಿಸತಕ್ಕದ್ದು. ನಂತರ ಹಳೆಯ ಡಿಸ್ಕನ್ನು ತೆರೆದು ಚಿತ್ರಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಪ್ರತಿ ಮಾಡಬಹುದು.

ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ "ಬಿಟ್‌ಲಾಕರ್" ಎಂಬ ಗೂಢಲಿಪಿಯಿಂದ ಭದ್ರವಾಗಿರುತ್ತದೆ. ಇಂತಹ ಡಿಸ್ಕನ್ನು ಹೊರಗಿನಿಂದ ತೆರೆಯಲು 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕಾಗುತ್ತದೆ. ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅಥವಾ ಮೊದಲೇ ಮುದ್ರಿಸಿಟ್ಟ ಕಾಗದದಲ್ಲಿ ಇರಬಹುದು. ಯಂತ್ರವು ಸರಿಯಾಗಿರುವಾಗಲೇ ಈ ಕೀಲಿಯನ್ನು ಬರೆದಿಟ್ಟುಕೊಳ್ಳುವುದು ಅವಶ್ಯ.

7.3 ಯಂತ್ರಕ್ಕೆ ವಿದ್ಯುತ್ತೇ ಬಾರದಿದ್ದಲ್ಲಿ

ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರ್ ಅಥವಾ ಡಿಸ್ಕ್ ಕವಚದ ಮೂಲಕ ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಬಹುದು. ಹಳೆಯ ಯಂತ್ರಗಳ ಡಿಸ್ಕ್‌ಗಳು ಅಗಲವಾದ ಪಟ್ಟಿಯಂತಹ ಕೇಬಲ್ ಬಳಸುವ ಐಡಿಇ ಮಾದರಿಯವಾಗಿದ್ದು, 2003ರ ನಂತರ ಬಳಕೆಗೆ ಬಂದವು ಕಿರಿದಾದ ಸಾಟಾ ಮಾದರಿಯವಾಗಿರುತ್ತವೆ. ಅಡಾಪ್ಟರ್ ಕೊಳ್ಳುವ ಮೊದಲು ಯಾವ ಮಾದರಿ ಎಂಬುದನ್ನು ನೋಡಿಕೊಳ್ಳಬೇಕು. ಮೇಜಿನ ಗಣಕಯಂತ್ರದ 3.5 ಅಂಗುಲದ ಡಿಸ್ಕ್‌ಗೆ 12 ವೋಲ್ಟ್‌ನ ಪ್ರತ್ಯೇಕ ವಿದ್ಯುತ್ ಬೇಕಾಗುತ್ತದೆ, ಲ್ಯಾಪ್‌ಟಾಪ್‌ನ 2.5 ಅಂಗುಲದ ಡಿಸ್ಕ್‌ಗೆ ಸಾಮಾನ್ಯವಾಗಿ ಯುಎಸ್‌ಬಿಯ ವಿದ್ಯುತ್ತೇ ಸಾಕು.

ಜೋಡಿಸಿದಾಗ "ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?" ಎಂಬ ಪ್ರಶ್ನೆ ಬಂದಲ್ಲಿ ಕಡ್ಡಾಯವಾಗಿ "ಬೇಡ" ಎಂದು ಉತ್ತರಿಸತಕ್ಕದ್ದು.

7.4 ಓದಲಾಗದ ಭಾಗಗಳು ಹೆಚ್ಚಿದ್ದಲ್ಲಿ

ಲಿನಕ್ಸ್‌ನಲ್ಲಿ ಲಭ್ಯವಿರುವ "ಡಿಡಿರೆಸ್ಕ್ಯೂ" ಎಂಬ ಉಚಿತ ತಂತ್ರಾಂಶವು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಪ್ರಯತ್ನಿಸುತ್ತದೆ ಮತ್ತು ನಿಂತ ಜಾಗದಿಂದ ಮುಂದುವರಿಯುತ್ತದೆ. ಇದರಿಂದ ಇಡೀ ಡಿಸ್ಕ್‌ನ ಯಥಾಪ್ರತಿ ಪಡೆದು, ಚಿತ್ರಗಳನ್ನು ಆ ಪ್ರತಿಯಿಂದ ಹುಡುಕಬಹುದು. ಇದಕ್ಕೆ ಹಳೆಯ ಡಿಸ್ಕ್‌ಗಿಂತ ದೊಡ್ಡ ಸಾಮರ್ಥ್ಯದ ಡಿಸ್ಕ್ ಬೇಕು. ಮೂಲ ಮತ್ತು ಗುರಿ ಡಿಸ್ಕ್‌ಗಳ ಹೆಸರನ್ನು ಅದಲುಬದಲು ನಮೂದಿಸಿದಲ್ಲಿ ಚಿತ್ರಗಳು ಶಾಶ್ವತವಾಗಿ ನಾಶವಾಗುವುದರಿಂದ ತಿಳಿದವರ ಸಹಾಯದಿಂದ ಮಾತ್ರ ಬಳಸುವುದು ಉಚಿತ.

ಕಣ್ತಪ್ಪಿನಿಂದ ಅಳಿಸಿದ ಚಿತ್ರಗಳಿಗೆ "ಫೋಟೋರೆಕ್" ಎಂಬ ಉಚಿತ ತಂತ್ರಾಂಶ ನೆರವಾಗಬಹುದು. ಮರಳಿ ದೊರೆತ ಚಿತ್ರಗಳಿಗೆ ಸಾಮಾನ್ಯವಾಗಿ ಮೂಲ ಹೆಸರು ಇರುವುದಿಲ್ಲ. ಅವುಗಳನ್ನು ಬೇರೊಂದು ಡಿಸ್ಕ್‌ನಲ್ಲಿಯೇ ಉಳಿಸತಕ್ಕದ್ದು.

8. ಮಾಡಬಾರದ ಕೆಲಸಗಳು

(ಅ) ಡಿಸ್ಕ್‌ನ ಮುಚ್ಚಳ ಬಿಚ್ಚಬಾರದು. ಒಂದು ಧೂಳಿನ ಕಣವೂ ಹೆಡ್‌ಗೆ ಹಾನಿ ಮಾಡಬಲ್ಲದು.
(ಆ) ಡಿಸ್ಕನ್ನು ತಟ್ಟುವುದು, ಅಲುಗಾಡಿಸುವುದು, ಫ್ರಿಜ್‌ನಲ್ಲಿ ಇಡುವುದು ಸಲ್ಲದು. ತಣ್ಣಗಾದ ಡಿಸ್ಕ್‌ನೊಳಗೆ ತೇವಾಂಶ ಕಟ್ಟಿಕೊಳ್ಳುತ್ತದೆ.
(ಇ) ಪ್ರತಿ ತೆಗೆಯುವ ಮೊದಲು "ಚೆಕ್ ಡಿಸ್ಕ್" ಅಥವಾ "ಡಿಫ್ರಾಗ್ಮೆಂಟ್" ನಡೆಸಬಾರದು. ಇವು ಡಿಸ್ಕ್‌ನ ಉದ್ದಗಲಕ್ಕೂ ಓದಿ ಬರೆಯುವುದರಿಂದ ದುರ್ಬಲ ಡಿಸ್ಕ್ ಪೂರ್ಣವಾಗಿ ನಿಲ್ಲಬಹುದು.
(ಈ) ನೆರೆ ನೀರಿನಲ್ಲಿ ಮುಳುಗಿದ ಯಂತ್ರಕ್ಕೆ ವಿದ್ಯುತ್ ನೀಡಬಾರದು. ಅದನ್ನು ಹಾಗೆಯೇ ದತ್ತಾಂಶ ಮರುಪ್ರಾಪ್ತಿ ತಜ್ಞರಿಗೆ ತಲುಪಿಸತಕ್ಕದ್ದು.

9. ಪ್ರತಿಯ ಪರಿಶೀಲನೆ

ಪ್ರತಿ ಮುಗಿದ ನಂತರ ಎರಡೂ ಕಡೆಯ ಫೋಲ್ಡರ್‌ಗಳ ಕಡತಗಳ ಸಂಖ್ಯೆ ಹಾಗೂ ಒಟ್ಟು ಗಾತ್ರವನ್ನು ಹೋಲಿಸಬೇಕು. ಹೊಸ ಡಿಸ್ಕನ್ನು "ಸುರಕ್ಷಿತವಾಗಿ ತೆಗೆಯುವ" ಆಯ್ಕೆಯ ಮೂಲಕ ಬೇರ್ಪಡಿಸಿ, ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಿ, ಪ್ರತಿ ಫೋಲ್ಡರ್‌ನ ಕೆಲವು ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಬೇಕು. ಚಿಕ್ಕ ಚಿತ್ರಿಕೆ ಕಂಡ ಮಾತ್ರಕ್ಕೆ ಚಿತ್ರ ಸರಿಯಿದೆ ಎಂದು ಭಾವಿಸಬಾರದು. ಈ ಪರಿಶೀಲನೆ ಮುಗಿದು, ಅದೇ ದಿನ ಎರಡನೆಯ ಪ್ರತಿಯೊಂದನ್ನು ಮಾಡಿಕೊಳ್ಳುವವರೆಗೆ ಕೆಲಸ ಪೂರ್ಣವಾಯಿತೆಂದು ತಿಳಿಯುವಂತಿಲ್ಲ.

10. ಸಾಕ್ಷ್ಯವಾಗಿ ಬಳಸಬೇಕಾದ ಛಾಯಾಚಿತ್ರಗಳು

ಕ್ಯಾಮೆರಾ ಅಥವಾ ಮೊಬೈಲ್‌ನಲ್ಲಿ ತೆಗೆದ ಮೂಲ ಕಡತದೊಳಗೆ ಚಿತ್ರ ತೆಗೆದ ದಿನಾಂಕ, ಸಮಯ ಮತ್ತು ಕೆಲವೊಮ್ಮೆ ಸ್ಥಳದ ವಿವರ ದಾಖಲಾಗಿರುತ್ತದೆ. ವಾಟ್ಸಾಪ್ ಮೂಲಕ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದಲ್ಲದೆ ಈ ವಿವರಗಳೂ ಕಳೆದುಹೋಗುತ್ತವೆ. ಆದ್ದರಿಂದ ಮೂಲ ಕಡತವನ್ನೇ ಯಾವ ತಿದ್ದುಪಡಿಯೂ ಇಲ್ಲದೆ ಸಂರಕ್ಷಿಸತಕ್ಕದ್ದು. ದಿನಾಂಕ 1-7-2024ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರನ್ವಯ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಪ್ರಕರಣ ಬಾಕಿ ಇರುವವರು ಹಳೆಯ ಡಿಸ್ಕನ್ನು ವಿಲೇವಾರಿ ಮಾಡುವ ಮೊದಲು ತಮ್ಮ ವಕೀಲರ ಸಲಹೆ ಪಡೆಯುವುದು ಸೂಕ್ತ.

11. ರಿಪೇರಿಗೆ ನೀಡುವಾಗ

ಅಂಗಡಿಗೆ ನೀಡುವ ಮುನ್ನ "ಚಿತ್ರಗಳು ಬೇಕು, ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿಯಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು. ಸಾಧ್ಯವಿದ್ದಲ್ಲಿ ಡಿಸ್ಕನ್ನು ಬೇರ್ಪಡಿಸಿ ಮನೆಯಲ್ಲಿಯೇ ಇಟ್ಟುಕೊಂಡು ಉಳಿದ ಯಂತ್ರವನ್ನು ಮಾತ್ರ ನೀಡಬಹುದು. ಡಿಸ್ಕ್‌ನ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬ್ಯಾಂಕ್ ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಯಾರಿಗೂ ತಿಳಿಸಬಾರದು. ಖಾಸಗಿ ಚಿತ್ರಗಳ ದುರ್ಬಳಕೆ ಅಥವಾ ಬೆದರಿಕೆ ಕಂಡುಬಂದಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬಹುದು. ಹಣಕಾಸಿನ ವಂಚನೆಯಾದಲ್ಲಿ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬಹುದು.

12. ಮುಂದಿನ ಸಂರಕ್ಷಣಾ ಕ್ರಮ

ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ನಿಯಮವು ವ್ಯಾಪಕವಾಗಿ ಬಳಕೆಯಲ್ಲಿದೆ. ಒಂದು ಪ್ರತಿ ಗಣಕಯಂತ್ರದಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ, ಮತ್ತೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಅಥವಾ ಅಂತರಜಾಲ ಸಂಗ್ರಹದಲ್ಲಿ ಇದ್ದಲ್ಲಿ ಕಳ್ಳತನ, ಬೆಂಕಿ ಅಥವಾ ನೆರೆಯಿಂದ ಎಲ್ಲವೂ ಒಮ್ಮೆಲೇ ನಾಶವಾಗುವುದಿಲ್ಲ. ಗೂಗಲ್ ಫೋಟೋಸ್ ಸೇವೆಯಲ್ಲಿದ್ದ ಮಿತಿಯಿಲ್ಲದ ಉಚಿತ ಸಂಗ್ರಹವು ದಿನಾಂಕ 1-6-2021ರಿಂದ ನಿಂತಿರುವುದನ್ನು ಬಳಕೆದಾರರು ಗಮನಿಸಬೇಕು.

ಪ್ರಮಾಣಪತ್ರಗಳಿಗಾಗಿ 2015ರಲ್ಲಿ ಪ್ರಾರಂಭವಾದ ಡಿಜಿಲಾಕರ್ ಸೇವೆಯನ್ನು ಬಳಸಬಹುದು. ಇದು ದಾಖಲೆಗಳಿಗೆ ಉದ್ದೇಶಿಸಿದ್ದು, ಕುಟುಂಬದ ಛಾಯಾಚಿತ್ರಗಳ ಸಂಗ್ರಹಕ್ಕೆ ಪರ್ಯಾಯವಲ್ಲ.

ಕರಾವಳಿ ಮತ್ತು ಮಲೆನಾಡಿನಲ್ಲಿ ತೇವಾಂಶ ಅಧಿಕವಾದ್ದರಿಂದ ಡಿಸ್ಕ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳಿತು. ಪ್ರತಿ ತೆಗೆದ ಡಿಸ್ಕನ್ನು ವರ್ಷಕ್ಕೆ ಎರಡು ಬಾರಿಯಾದರೂ ಜೋಡಿಸಿ ಪರೀಕ್ಷಿಸಬೇಕು. ಅತಿ ಮುಖ್ಯವಾದ ಕೆಲವು ಚಿತ್ರಗಳನ್ನು ಕಾಗದದಲ್ಲಿ ಮುದ್ರಿಸಿಟ್ಟುಕೊಳ್ಳುವುದು ಇಂದಿಗೂ ವಿಶ್ವಾಸಾರ್ಹ ವಿಧಾನ.

13. ಹಳೆಯ ಡಿಸ್ಕ್‌ನ ವಿಲೇವಾರಿ

ಡಿಸ್ಕನ್ನು ಗುಜರಿಗೆ ನೀಡುವ ಮೊದಲು ಅದರಲ್ಲಿನ ಮಾಹಿತಿಯನ್ನು ಪೂರ್ಣವಾಗಿ ಅಳಿಸಬೇಕು. ಕೇವಲ "ಡಿಲೀಟ್" ಮಾಡುವುದರಿಂದ ಮಾಹಿತಿ ನಾಶವಾಗುವುದಿಲ್ಲ. ದಿನಾಂಕ 1-4-2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರನ್ವಯ ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಮಾಡುವುದು ಸೂಕ್ತ.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಯೋಸ್‌ನಲ್ಲಿಯೂ ಡಿಸ್ಕ್ ಕಾಣಿಸುತ್ತಿಲ್ಲ. ತಂತ್ರಾಂಶದಿಂದ ಚಿತ್ರಗಳನ್ನು ಪಡೆಯಬಹುದೆ?
ಉತ್ತರ: ಸಾಧ್ಯವಿಲ್ಲ. ಮೊದಲು ಕೇಬಲ್ ಬದಲಿಸಿ ನೋಡಬಹುದು. ಆಗಲೂ ಕಾಣಿಸದಿದ್ದಲ್ಲಿ ಧೂಳುರಹಿತ ಕೊಠಡಿಯ ಸೌಲಭ್ಯವುಳ್ಳ ಮರುಪ್ರಾಪ್ತಿ ತಜ್ಞರನ್ನು ಸಂಪರ್ಕಿಸಬೇಕು. ಶುಲ್ಕವನ್ನು ಮೊದಲೇ ಲಿಖಿತವಾಗಿ ಪಡೆಯತಕ್ಕದ್ದು.

ಪ್ರಶ್ನೆ: ಡಿಸ್ಕ್ ಪೂರ್ಣವಾಗಿ ಕೆಟ್ಟಿದೆ. ಚಿತ್ರಗಳಿಗೆ ಬೇರೆ ಮೂಲಗಳಿವೆಯೆ?
ಉತ್ತರ: ಹಳೆಯ ಕ್ಯಾಮೆರಾದ ಮೆಮೊರಿ ಕಾರ್ಡ್, ಹಿಂದಿನ ಮೊಬೈಲ್, ಇ-ಮೇಲ್ ಲಗತ್ತುಗಳು, ಮದುವೆಯ ಛಾಯಾಗ್ರಾಹಕರ ಬಳಿಯ ಪ್ರತಿ ಹಾಗೂ ಬಂಧುಗಳಿಗೆ ಕಳುಹಿಸಿದ ಚಿತ್ರಗಳನ್ನು ಹುಡುಕಬಹುದು. ಅನೇಕ ಕುಟುಂಬಗಳಿಗೆ ಕಳೆದುಹೋದ ಚಿತ್ರಗಳು ಹೀಗೆಯೇ ಮರಳಿ ದೊರೆಯುತ್ತವೆ.

ಪ್ರಶ್ನೆ: ಪೆನ್ ಡ್ರೈವ್ ಒಂದೇ ಸಾಕೆ?
ಉತ್ತರ: ತುರ್ತಿಗೆ ಸಾಕು, ದೀರ್ಘಕಾಲದ ಸಂರಕ್ಷಣೆಗೆ ಸಾಲದು. ಅದು ಕಳೆದುಹೋಗುವ ಹಾಗೂ ಮುನ್ಸೂಚನೆಯಿಲ್ಲದೆ ಕೆಡುವ ಸಂಭವ ಹೆಚ್ಚು.

ಸ್ಪಷ್ಟನೆ: ಮೇಲಿನ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಇಲ್ಲಿ ಹೆಸರಿಸಿದ ತಂತ್ರಾಂಶ ಹಾಗೂ ಸೇವೆಗಳನ್ನು ಉದಾಹರಣೆಯಾಗಿ ನಮೂದಿಸಲಾಗಿದ್ದು, ಇದು ಯಾವುದೇ ಉತ್ಪನ್ನದ ಶಿಫಾರಸು ಆಗಿರುವುದಿಲ್ಲ.